ಪಹಣಿಯಲ್ಲಿ ಖರಾಬು, ಪಿಕಳಾರಕ್ಕೆ ಮನೆ

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದ್ರು, ಅದಕ್ಕೆ ಇವರೇನು ತಿರುಗೇಟು ಕೊಟ್ರು, ಅದೆಲ್ಲ ನಾಳೆ ನೋಡೋಣ. ಇವತ್ತು ಒಂದು ಹಕ್ಕಿಯ ಬಗ್ಗೆ ಮಾತಾಡ್ತೀನಿ. ಅದರ ಜೊತೆಗೆ ಒಂದು ಶಬ್ದದ ಬಗ್ಗೆ. ಆ ಶಬ್ದ ನಿಮ್ಮೆಲ್ಲರಿಗೂ ಗೊತ್ತು. ಜಮೀನು ಇರೋರ ಮನೆಯ ಟ್ರಂಕಿನಲ್ಲಿ ಪಹಣಿ ಇರುತ್ತಲ್ಲ, ಅದರಲ್ಲಿ ಬರೆದಿರುತ್ತೆ: ಖರಾಬು.

ಹೋದ ಬೇಸಿಗೆಯಲ್ಲಿ ಗಂಗಾವತಿ ತಾಲೂಕಿನ ಒಂದು ಹಳ್ಳಿಯಲ್ಲಿದ್ದೆ. ಪರಿಚಯದ ರೈತರೊಬ್ಬರು ತಮ್ಮ ಹೊಲ ತೋರಿಸ್ತಿದ್ರು. ಈ ಕಡೆ ಕಾಲುವೆ ನೀರಿನ ಭತ್ತದ ಗದ್ದೆ. ಆ ಕಡೆ ತುದಿಗೆ ಬಂಡೆಗುಡ್ಡ. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗುಂಡುಗಳು, ಸಂದಿಯಲ್ಲಿ ಮುಳ್ಳಿನ ಪೊದೆ. ನಾನು ಕೇಳಿದೆ, ‘ಗುಡ್ಡದಾಗ ಏನೈತ್ರಿ ಕಾಕಾ?’ ಅವರು ತಿರುಗಿಯೂ ನೋಡದೆ ಹೇಳಿದ್ರು: ‘ಅಲ್ಲೇನೈತಿ ತಮ್ಮಾ, ಬರೀ ಖರಾಬು ಐತಿ.’

ಅದೇ ಗುಡ್ಡದ ಮೇಲೆ, ಅದೇ ಹೊತ್ತಿಗೆ, ಒಂದು ಹಕ್ಕಿ ಕೂಗ್ತಿತ್ತು. ನನ್ನ ಜೊತೆ ಬಂದಿದ್ದ ಹಕ್ಕಿ ಬಲ್ಲ ಗೆಳೆಯ ಕೈ ಹಿಡಿದು ನಿಲ್ಲಿಸಿದ. ‘ಮಾತಾಡಬೇಡ, ಕೇಳು’ ಅಂದ. ಕೇಳಿದೆ. ಕೇಳಿಸ್ತು, ಕಾಣಿಸಲಿಲ್ಲ. ಇಪ್ಪತ್ತು ನಿಮಿಷ ಬಿಸಿಲಲ್ಲಿ ಕೂತ ಮೇಲೆ ಬಂಡೆಯ ಸಂದಿಯಿಂದ ಹೊರಗೆ ಬಂತು. ಹೆಚ್ಚುಕಮ್ಮಿ ಗೇಣುದ್ದ. ಮೈ ಬೂದು. ತಲೆ, ಕೊರಳು ಅರಿಶಿಣ ಹಚ್ಚಿದ ಹಾಗೆ ಹಳದಿ. ಬಾಲದ ತುದಿಯಲ್ಲೂ ಅದೇ ಹಳದಿ. ಮೂರು ಸೆಕೆಂಡ್ ಕೂತಿದ್ದು ಮತ್ತೆ ಸಂದಿಯೊಳಗೆ ಹೋಯ್ತು. ನಮ್ಮ ಕ್ಯಾಮೆರಾಮನ್ ಫೋಕಸ್ ಮಾಡೋಷ್ಟರಲ್ಲಿ ಬರೀ ಕಲ್ಲು ಉಳೀತು.

ಹಳದಿ ಕೊರಳಿನ ಪಿಕಳಾರ. ಪಿಕಳಾರ ಅಂದ್ರೆ ಬುಲ್‌ಬುಲ್. ನಮ್ಮ ಮನೆ ಮುಂದಿನ ತಂತಿ ಮೇಲೆ ಕೂರೋ, ಬಾಲದ ಬುಡ ಕೆಂಪಿರೋ ಬುಲ್‌ಬುಲ್ ಇದೆಯಲ್ಲ, ಅದರ ಬಳಗ. ಆದರೆ ಸ್ವಭಾವ ಪೂರ್ತಿ ಬೇರೆ. ಕೆಂಪು ಬುಲ್‌ಬುಲ್ ಎಲ್ಲಿ ಬಿಟ್ಟರೂ ಬದುಕುತ್ತೆ. ಊರು, ತೋಟ, ಬಸ್‌ಸ್ಟ್ಯಾಂಡ್ ಹಿಂದಿನ ಗಿಡ, ಯಾವುದಾದರೂ ಸರಿ. ಈ ಹಳದಿ ಕೊರಳಿನದು ಹಾಗಲ್ಲ. ಇದಕ್ಕೆ ಬಂಡೆ ಬೇಕು, ಬಂಡೆಯ ಸಂದಿಯಲ್ಲಿ ಕುರುಚಲು ಬೇಕು, ಕುರುಚಲಲ್ಲಿ ಕವಳಿ, ಅತ್ತಿ ಥರದ ಹಣ್ಣು ಬೇಕು, ಒಂದಷ್ಟು ಹುಳು ಬೇಕು. ಇಷ್ಟು ಸಿಕ್ಕರೆ ಸಾಕು, ಬೇರೆ ಏನೂ ಕೇಳಲ್ಲ. ಇದರಲ್ಲಿ ಒಂದು ಹೋದರೂ ಇರಲ್ಲ.

ಈ ಹಕ್ಕಿ ಇರೋದು ಎಲ್ಲಿ? ಅಮೆರಿಕದಲ್ಲಿಲ್ಲ, ಆಫ್ರಿಕದಲ್ಲಿಲ್ಲ, ಉತ್ತರ ಭಾರತದಲ್ಲೂ ಇಲ್ಲ. ಇಡೀ ಜಗತ್ತಲ್ಲಿ ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳದ ಚಿನ್ನಾರ್ ಕಡೆ ಸ್ವಲ್ಪ. ನಮ್ಮಲ್ಲಿ ನಂದಿಬೆಟ್ಟ, ಸಾವನದುರ್ಗ, ರಾಮನಗರದ ಬೆಟ್ಟಗಳು, ಇತ್ತ ತುಂಗಭದ್ರೆಯ ಎರಡೂ ದಂಡೆಯ ಹಂಪಿ, ಆನೆಗೊಂದಿ, ದರೋಜಿ ಸುತ್ತಿನ ಗುಡ್ಡಗಳು. ಜೆರ್ಡನ್ ಅನ್ನೋ ಬ್ರಿಟಿಷ್ ಸೇನಾ ವೈದ್ಯ 1840ರ ದಶಕದಲ್ಲೇ ಇದನ್ನು ಪುಸ್ತಕಕ್ಕೆ ಸೇರಿಸಿದ್ದ. ಇದರ ವೈಜ್ಞಾನಿಕ ಹೆಸರಿಗೆ ಹಳದಿ ಗಂಟಲು ಅಂತಲೇ ಅರ್ಥ. ಈಗ ಐಯುಸಿಎನ್ ಅನ್ನೋ ಜಾಗತಿಕ ಸಂಸ್ಥೆಯ ಕೆಂಪು ಪಟ್ಟಿಯಲ್ಲಿದೆ. ನಾಶದ ಕಡೆ ಜಾರುವ ಅಪಾಯ ಇರೋ ಜೀವಿಗಳ ಸಾಲಿನಲ್ಲಿ. ಕಾರಣ ಬೇಟೆಯಲ್ಲ, ರೋಗವೂ ಅಲ್ಲ. ಅದರ ಮನೆ ಹೋಗ್ತಾ ಇದೆ, ಅಷ್ಟೆ.

ಆ ಮನೆ ಎಲ್ಲಿಗೆ ಹೋಗ್ತಾ ಇದೆ? ನಿಮ್ಮ ಮನೆಗೆ, ನನ್ನ ಮನೆಗೆ.

ನಾನು ಇಂಜಿನಿಯರಿಂಗ್ ಓದಿದವನು. ಮೈಕ್ ಹಿಡಿಯೋಕೆ ಮುಂಚೆ ಕಾಂಕ್ರೀಟ್ ಲೆಕ್ಕ ಕಲಿತವನು. ಆ ಲೆಕ್ಕ ಇವತ್ತು ನಿಮ್ಮ ಮುಂದೆ ಇಡ್ತೀನಿ. ಒಂದು ಸಾವಿರ ಚದರಡಿ ಮನೆ ಅಂದ್ಕೊಳ್ಳಿ. ಛಾವಣಿ ಐದು ಇಂಚು ದಪ್ಪ. ಆ ಛಾವಣಿಗೆ ಮಾತ್ರ ಹೆಚ್ಚುಕಮ್ಮಿ 12 ಘನ ಮೀಟರ್ ಕಾಂಕ್ರೀಟ್ ಬೇಕು. ಒಂದು ಘನ ಮೀಟರ್‌ಗೆ ಅಂದಾಜು ಒಂದೂಕಾಲು ಟನ್ ಖಡಿ. ಬೆಂಗಳೂರು ಕಡೆ ಜಲ್ಲಿ ಅಂತಾರೆ, ನಮ್ಮ ಕಡೆ ಖಡಿ. ಅಂದ್ರೆ ಛಾವಣಿಗೆ ಹದಿನೈದು ಟನ್ ಖಡಿ. ಮೇಲೆ ಎಂಟು ಟನ್ ಮರಳು. ಮೊದಲು ಆ ಮರಳು ಹೊಳೆಯಿಂದ ಬರ್ತಿತ್ತು. ಈಗ ಹೊಳೆ ಬಗೆಯೋಕೆ ಕಟ್ಟುಪಾಡು ಬಂದಿದೆ, ಬರಲೇಬೇಕಿತ್ತು ಕೂಡ. ಹಾಗಾಗಿ ಎಂ-ಸ್ಯಾಂಡ್ ಬಂತು. ಎಂ-ಸ್ಯಾಂಡ್ ಅಂದ್ರೆ ಏನು? ಅದೂ ಬಂಡೆಯೇ, ಇನ್ನಷ್ಟು ಸಣ್ಣಗೆ ಪುಡಿ ಮಾಡಿದ್ದು. ಅಲ್ಲಿಗೆ ಒಂದು ಮನೆಯ ಛಾವಣಿಗೆ ಇಪ್ಪತ್ತಮೂರು ಟನ್ ಗುಡ್ಡ. ಪಾಯ, ಪಿಲ್ಲರ್, ಗೋಡೆ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ರಸ್ತೆ ಹಿಡಿದಿಲ್ಲ, ರೈಲು ಹಳಿ ಹಿಡಿದಿಲ್ಲ.

ಹೊಳೆ ಉಳಿಸಿದೆವು ಅಂತ ಬೆನ್ನು ತಟ್ಟಿಕೊಂಡೆವು. ಹೊಳೆಯ ಭಾರ ಗುಡ್ಡದ ಹೆಗಲಿಗೆ ಹೋಗಿದ್ದನ್ನು ಯಾರೂ ನೋಡಲಿಲ್ಲ.

ಆ ಗುಡ್ಡ ಎಷ್ಟು ಹಳೇದು ಗೊತ್ತಾ? ನಮ್ಮ ಕಾಲೇಜಿನ ಭೂವಿಜ್ಞಾನದ ಪಾಠದಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಬರ್ತಿತ್ತು. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಆ ಕಡೆಯಿಂದ ಶುರುವಾಗೋ ಗ್ರಾನೈಟ್ ಪಟ್ಟಿ ಉತ್ತರಕ್ಕೆ ನೂರಾರು ಕಿಲೋಮೀಟರ್ ಹರಿದು ಹಂಪಿ, ಆನೆಗೊಂದಿ ದಾಟಿ ನಮ್ಮ ಕಡೆಗೆ ಬರುತ್ತೆ. ವಯಸ್ಸು ಸುಮಾರು 250 ಕೋಟಿ ವರ್ಷ. ಪಿಕಳಾರ ಇರೋ ಜಾಗಗಳನ್ನ ನಕಾಶೆಯಲ್ಲಿ ಗುರುತು ಮಾಡಿ ನೋಡಿ. ರಾಮನಗರದಲ್ಲೂ ಇದೆ, ಹಂಪಿ ಸುತ್ತಲೂ ಇದೆ. ನಡುವೆ ಮುನ್ನೂರು ಕಿಲೋಮೀಟರ್ ದೂರ, ಹಕ್ಕಿ ಒಂದೇ, ಕಲ್ಲೂ ಒಂದೇ.

ಈ ಕಲ್ಲನ್ನ ನಮ್ಮ ಹಿರಿಯರೂ ಒಡೆದಿದ್ದಾರೆ, ಅದನ್ನ ಮುಚ್ಚಿಡಲ್ಲ. ಗಂಗಾವತಿ ಹತ್ತಿರ ಹಿರೇಬೆಣಕಲ್ ಇದೆ. ಜನ ಮೋರ್ಯರ ಬೆಟ್ಟ ಅಂತಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಮನೆಗಳಂಥ ಸಮಾಧಿಗಳು, ನೂರಾರು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿನ ಚಪ್ಪಡಿಗಳನ್ನ ಅಲ್ಲೇ ಎಬ್ಬಿಸಿ, ಅಲ್ಲೇ ನಿಲ್ಲಿಸಿದ್ದಾರೆ. ಅವರೂ ಗುಡ್ಡ ಬಳಸಿದವರೇ. ಆದರೆ ಗುಡ್ಡ ಇನ್ನೂ ಇದೆ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕ ಚಕ್ರವರ್ತಿ ಬಂಡೆ ಮೇಲೆ ಶಾಸನ ಬರೆಸಿದ. ಎರಡು ಸಾವಿರದ ಇನ್ನೂರು ವರ್ಷ ಆಯ್ತು, ಅಕ್ಷರ ಉಳಿದಿದೆ. ಬಂಡೆ ಉಳಿದಿದ್ದಕ್ಕೆ ಅಕ್ಷರ ಉಳೀತು. ಉಳಿಯೊಂದಿಗೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಮಾಡೋ ಕೆಲಸವನ್ನ ಇವತ್ತು ಒಂದು ಬ್ಲಾಸ್ಟ್, ಒಂದು ಹಿಟಾಚಿ, ಒಂದು ಕ್ರಷರ್ ಮಧ್ಯಾಹ್ನದ ಊಟದೊಳಗೆ ಮುಗಿಸುತ್ತೆ. ವ್ಯತ್ಯಾಸ ಇರೋದು ಇಲ್ಲಿ.

ಈಗ ಖರಾಬಿಗೆ ವಾಪಸ್ ಬರ್ತೀನಿ.

ಕಂದಾಯ ಇಲಾಖೆಯ ಲೆಕ್ಕದಲ್ಲಿ ಭೂಮಿಗೆ ಒಂದೇ ಅಳತೆ: ಬೆಳೆ ಬರುತ್ತಾ, ಇಲ್ವಾ? ಕಂದಾಯ ಹಾಕಬಹುದಾ, ಇಲ್ವಾ? ಬೆಳೆ ಬಾರದ ಜಾಗ ಖರಾಬು. ಅದರಲ್ಲಿ ಎರಡು ಜಾತಿ, ‘ಅ’ ಖರಾಬು, ‘ಬ’ ಖರಾಬು. ಸಾಗುವಳಿಗೆ ಬಾರದ ಕಲ್ಲು ನೆಲ ‘ಅ’. ಹಳ್ಳ, ದಾರಿ, ಕೆರೆ ಅಂತ ಸಾರ್ವಜನಿಕರಿಗೆ ಬಿಟ್ಟಿದ್ದು ‘ಬ’. ಲೆಕ್ಕ ಬರೆದವರದ್ದು ತಪ್ಪಿಲ್ಲ. ಅವರು ಕಂದಾಯಕ್ಕಾಗಿ ಬರೆದ್ರು. ತಪ್ಪು ಆಮೇಲೆ ಬಂದ ನಮ್ಮದು. ‘ಕಂದಾಯಕ್ಕೆ ಬಾರದು’ ಅಂತ ಇದ್ದದ್ದನ್ನ ನಾವು ‘ಯಾವುದಕ್ಕೂ ಬಾರದು’ ಅಂತ ಓದಿಕೊಂಡೆವು.

ಹಾಗೆ ಓದಿಕೊಂಡರೆ ಏನಾಗುತ್ತೆ? ಫ್ಯಾಕ್ಟರಿಗೆ ಜಾಗ ಬೇಕಾ, ಖರಾಬು ಇದೆ. ಊರ ಕಸ ಹಾಕೋಕೆ ಜಾಗ ಬೇಕಾ, ಖರಾಬು ಇದೆ. ಕಲ್ಲು ಬೇಕಾ, ಖರಾಬು ಇದೆಯಲ್ಲ. ದಟ್ಟ ಕಾಡು ಕಡಿದ್ರೆ ನಾವೇ ಟಿವಿಯವರು ಬ್ರೇಕಿಂಗ್ ನ್ಯೂಸ್ ಹಾಕ್ತೀವಿ. ಹಸಿರು ಕಾಣಿಸುತ್ತೆ, ಮರ ಬೀಳೋದು ಕಾಣಿಸುತ್ತೆ, ದೃಶ್ಯ ಚೆನ್ನಾಗಿರುತ್ತೆ. ಕುರುಚಲು ಹೋದ್ರೆ ಏನು ತೋರಿಸೋದು? ಮುಳ್ಳಿನ ಪೊದೆ ಹೋಯ್ತು ಅಂತಾನಾ? ಪರಿಭಾವಿತ ಅರಣ್ಯ ಅನ್ನೋ ಡೀಮ್ಡ್ ಅರಣ್ಯದ ಕಥೆ ನೆನಪಿಸಿಕೊಳ್ಳಿ. ರಾಜ್ಯದಲ್ಲಿ ಮೊದಲು ಗುರುತಿಸಿದ್ದು 9.94 ಲಕ್ಷ ಹೆಕ್ಟೇರ್. 2022ರಲ್ಲಿ ಅಂತಿಮವಾಗಿ ಉಳಿದದ್ದು 3.30 ಲಕ್ಷ ಹೆಕ್ಟೇರ್. ಅದರಲ್ಲಿ ರೈತರ ನ್ಯಾಯವಾದ ಬೇಡಿಕೆ ಇತ್ತು, ಒಪ್ಪೋಣ. ಆದರೆ ಅಷ್ಟು ದೊಡ್ಡ ಲೆಕ್ಕಾಚಾರದಲ್ಲಿ ‘ಇಲ್ಲಿ ಯಾವ ಜೀವ ಇದೆ’ ಅನ್ನೋ ಪ್ರಶ್ನೆ ಎಷ್ಟು ಜನ ಕೇಳಿದ್ರು? ನಾವು ಕೇಳಿದ್ವಾ? ನಾನು ಆ ದಿನ ಸ್ಟುಡಿಯೋದಲ್ಲಿ ಇದ್ದವನು. ಯಾವ ಪಕ್ಷಕ್ಕೆ ಲಾಭ ಅಂತ ಒಂದು ಗಂಟೆ ಚರ್ಚೆ ಮಾಡಿಸಿದೆ.

ಈಗ ಇನ್ನೊಂದು ಕಡೆಯ ಮಾತು ಕೇಳಬೇಕು. ಕೇಳದಿದ್ರೆ ಇದು ಎಸಿ ರೂಮಿನ ಪರಿಸರ ಪ್ರೇಮ ಆಗುತ್ತೆ.

ಕುಷ್ಟಗಿ ತಾಲೂಕಿನಲ್ಲಿ ಗ್ರಾನೈಟ್ ಕ್ವಾರಿಗಳಿವೆ. ಪಕ್ಕದ ಇಳಕಲ್ಲಿನ ಹೆಸರಲ್ಲಿ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತೆ. ಅಂಥ ಒಂದು ಕ್ವಾರಿ ಹತ್ತಿರದ ಚಹಾ ಅಂಗಡಿಯಲ್ಲಿ ಒಬ್ಬ ಕಾರ್ಮಿಕ ಸಿಕ್ಕಿದ್ದ. ನನ್ನ ವಯಸ್ಸೇ ಇರಬೇಕು. ಕೂದಲ ಮೇಲೆ, ಹುಬ್ಬಿನ ಮೇಲೆ ಬಿಳಿ ಧೂಳು. ಹಕ್ಕಿಯ ವಿಷಯ ಹೇಳಿದೆ. ಪೂರ್ತಿ ಕೇಳಿದ. ನಗಲಿಲ್ಲ, ಬೈಯಲಿಲ್ಲ. ‘ಅಲ್ರೀ ಸರ, ಹಕ್ಕಿಗೆ ರೆಕ್ಕಿ ಅದಾವು. ಈ ಗುಡ್ಡ ಬ್ಯಾಡಾದ್ರ ಆ ಗುಡ್ಡಕ್ಕ ಹೋಗತೈತಿ. ನಾ ಎಲ್ಲಿ ಹೋಗ್ಲಿ?’ ಅಂದ.

ಆ ಪ್ರಶ್ನೆಗೆ ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಚಹಾದ ದುಡ್ಡು ಅವನೇ ಕೊಟ್ಟ, ಎಷ್ಟು ಹೇಳಿದ್ರೂ ಕೇಳಲಿಲ್ಲ. ವಾಪಸ್ ಬರ್ತಾ ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು.

ಅವನ ಮಾತಲ್ಲಿ ಅರ್ಧ ನಿಜ ಇದೆ. ಅವನಿಗೆ ಕೆಲಸ ಬೇಕು. ಅದನ್ನ ಕಿತ್ತುಕೊಂಡು ಹಕ್ಕಿ ಉಳಿಸ್ತೀವಿ ಅನ್ನೋ ಹಕ್ಕು ನನಗೂ ಇಲ್ಲ, ನಿಮಗೂ ಇಲ್ಲ. ಇನ್ನರ್ಧ? ಹಕ್ಕಿಗೆ ರೆಕ್ಕೆ ಇದೆ, ಸರಿ. ಹೋಗೋಕೆ ಗುಡ್ಡ ಇದೆಯಾ? ಆ ಗಂಗಾವತಿ ಗುಡ್ಡದ ಮೇಲೆ ನಿಂತು ಸುತ್ತ ನೋಡಿ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಬಂತು. ಎಡದಂಡೆ ಕಾಲುವೆ ಗಂಗಾವತಿಯನ್ನ ಭತ್ತದ ಕಣಜ ಮಾಡ್ತು. ನಮ್ಮ ಹೊಟ್ಟೆ ತುಂಬಿತು, ದೊಡ್ಡ ಮಾತು ಅದು. ಆದರೆ ಪಿಕಳಾರದ ಕಣ್ಣಿಗೆ ಆ ಗದ್ದೆ ಸಮುದ್ರ ಇದ್ದ ಹಾಗೆ. ಗುಡ್ಡಗಳು ದ್ವೀಪ ಇದ್ದ ಹಾಗೆ. ಒಂದು ದ್ವೀಪ ಮುಳುಗಿದ್ರೆ ಮುಂದಿನದಕ್ಕೆ ಹಾರಬೇಕು. ಅಲ್ಲಿ ಈಗಾಗಲೇ ಬೇರೆ ಪಿಕಳಾರ ಇರುತ್ತೆ, ಇಲ್ಲವೇ ಕ್ರಷರ್ ಇರುತ್ತೆ.

ನಮ್ಮ ಕಡೆ ಗುಳೆ ಅನ್ನೋ ಶಬ್ದ ಯಾರಿಗೂ ವಿವರಿಸಬೇಕಿಲ್ಲ. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮುದುಕರನ್ನ ಬಿಟ್ಟು, ಮಕ್ಕಳನ್ನ ಕಟ್ಟಿಕೊಂಡು ಬೆಂಗಳೂರು, ಮಂಗಳೂರು, ಗೋವಾ ಅಂತ ಹೋಗೋ ಜನ ನಾವು. ಎಷ್ಟೇ ಕಷ್ಟ ಆದರೂ ಹೋದ ಕಡೆ ಒಂದು ಶೆಡ್ ಸಿಗುತ್ತೆ, ದಿನಗೂಲಿ ಸಿಗುತ್ತೆ. ಪಿಕಳಾರಕ್ಕೆ ಗುಳೆ ಹೋಗೋಕೂ ಜಾಗ ಇಲ್ಲ. ಇನ್ನೊಂದು ಮಾತು. ಆ ಕ್ವಾರಿಯ ಕಲ್ಲು ಒಂದು ದಿನ ಮುಗಿಯುತ್ತೆ. ಗುತ್ತಿಗೆದಾರ ಮೆಷಿನ್ ಎತ್ತಿಕೊಂಡು ಬೇರೆ ಗುಡ್ಡಕ್ಕೆ ಹೋಗ್ತಾನೆ. ನೀರು ತುಂಬಿದ ಗುಂಡಿ ಉಳಿಯುತ್ತೆ. ಅವತ್ತು ಆ ನನ್ನ ಗೆಳೆಯ ಕೂಡ ಗಂಟು ಕಟ್ಟಲೇಬೇಕು. ಹಕ್ಕಿ ಮೊದಲು ಹೋಗುತ್ತೆ, ಅವನು ಆಮೇಲೆ ಹೋಗ್ತಾನೆ. ಇಬ್ಬರನ್ನೂ ಕಳಿಸೋದು ಒಂದೇ ಗುಂಡಿ.

ಇದೆಲ್ಲ ಆಗಲ್ಲ ಬಿಡಿ, ಹಕ್ಕಿ ಹೇಗೋ ಹೊಂದಿಕೊಳ್ಳುತ್ತೆ ಅನ್ನೋರು ರಾಣೆಬೆನ್ನೂರನ್ನ ನೋಡಬೇಕು. ಕೃಷ್ಣಮೃಗಗಳಿಗಾಗಿ 1974ರಲ್ಲಿ ಅಲ್ಲಿ ಅಭಯಾರಣ್ಯ ಆಯ್ತು. ಅಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಇತ್ತು. ಮೊಣಕಾಲೆತ್ತರ ದಾಟೋ, ದೇಶದ ಅತಿ ಭಾರದ ಹಕ್ಕಿಗಳಲ್ಲಿ ಒಂದು. ಆ ಬಯಲಲ್ಲಿ ನೀಲಗಿರಿ ನೆಟ್ಟಿದ್ರು. ಬಯಲು ಹಸಿರಾಯ್ತು ಅಂದ್ಕೊಂಡ್ರು. ಇವತ್ತು ಅಲ್ಲಿ ಬಸ್ಟರ್ಡ್ ಇಲ್ಲ. ಅಷ್ಟು ದೊಡ್ಡ ಹಕ್ಕಿ ಹೋಗಿದ್ದೇ ನಮಗೆ ಗೊತ್ತಾಗಲಿಲ್ಲ ಅಂದ್ರೆ, ಕಲ್ಲಿನ ಸಂದಿಯಲ್ಲಿ ಅಡಗಿರೋ ಗೇಣುದ್ದದ ಹಕ್ಕಿ ಹೋದ್ರೆ ಗೊತ್ತಾಗುತ್ತಾ? ಹಾಗಾಗಿ ವನಮಹೋತ್ಸವದ ಹೆಸರಲ್ಲಿ ಕುರುಚಲು ಗುಡ್ಡದ ಮೇಲೆ ಗುಂಡಿ ತೋಡಿ ಸಸಿ ನೆಡೋರಿಗೂ ಒಂದು ಮಾತು. ಮರ ಇಲ್ಲದ ಜಾಗ ಎಲ್ಲವೂ ಬರಡಲ್ಲ. ಮುಳ್ಳು ಪೊದೆಯೂ ಕಾಡೇ.

ಇನ್ನು ನಂಬಿಕೆ ಮತ್ತು ಪ್ರವಾಸ. ಅಂಜನಾದ್ರಿ. 575 ಮೆಟ್ಟಿಲು. ಹನುಮಂತನ ಜನ್ಮಸ್ಥಳ ಅಂತ ಲಕ್ಷಾಂತರ ಜನ ಬರ್ತಾರೆ. ನಾನೂ ಹತ್ತಿದ್ದೀನಿ, ಕೈ ಮುಗಿದಿದ್ದೀನಿ. 2022ರ ರಾಜ್ಯ ಬಜೆಟ್‌ನಲ್ಲಿ ಅದರ ಅಭಿವೃದ್ಧಿಗೆ 100 ಕೋಟಿ ಘೋಷಣೆ ಆಯ್ತು. ಆಗಲಿ. ಭಕ್ತರಿಗೆ ನೀರು, ನೆರಳು, ಶೌಚಾಲಯ ಬೇಕು. ಆದರೆ ಅಭಿವೃದ್ಧಿ ಅಂದ ತಕ್ಷಣ ಬಂಡೆ ಸೀಳಿ ಪಾರ್ಕಿಂಗ್, ಪೊದೆ ಸವರಿ ರೆಸಾರ್ಟ್ ಆಗಬಾರದು. ಪಕ್ಕದ ವಿರೂಪಾಪುರ ಗಡ್ಡೆಯಲ್ಲಿ ಏನಾಯ್ತು? ಅಕ್ರಮವಾಗಿ ಎದ್ದ ಕಟ್ಟಡಗಳನ್ನ ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಕೆಡವಬೇಕಾಯ್ತು. ಮೊದಲೇ ಯೋಚಿಸಿದ್ರೆ ಕೆಡವೋ ನೋವೂ ಇರ್ತಿರಲಿಲ್ಲ. ಆಂಜನೇಯ ಹುಟ್ಟಿದ್ದು ಬಂಡೆಯ ಮೇಲೆ, ಕಾಡಿನ ನಡುವೆ. ಬಂಡೆ, ಕಾಡು ಎರಡನ್ನೂ ತೆಗೆದು ಬರೀ ಗುಡಿ ಉಳಿಸಿಕೊಂಡು ಏನು ಮಾಡೋಣ?

ಹಾಗಾದ್ರೆ ಮಾಡೋದೇನು? ‘ಎಲ್ಲ ಕ್ವಾರಿ ಮುಚ್ಚಿ’ ಅಂತ ನಾನು ಹೇಳಲ್ಲ. ಹೇಳಿದ್ರೆ ನಾಳೆ ನನ್ನ ಮನೆಗೂ ಛಾವಣಿ ಇರಲ್ಲ. ಮೂರು ವಿಷಯ ಹೇಳ್ತೀನಿ.

ಒಂದು, ಅನುಮತಿ ಕೊಡೋ ಮುಂಚೆ ನೋಡಿ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಐದು ಹೆಕ್ಟೇರ್‌ಗಿಂತ ಚಿಕ್ಕ ಗಣಿಗೂ ಪರಿಸರ ಅನುಮತಿ ಬೇಕು ಅಂತ. ಆಮೇಲೆ ಜಿಲ್ಲಾ ಸಮೀಕ್ಷಾ ವರದಿಯ ನಿಯಮ ಬಂತು. ಎಷ್ಟು ಕಲ್ಲಿದೆ ಅಂತ ಅಳೆಯೋರು ಎಷ್ಟು ಜೀವ ಇದೆ ಅಂತಾನೂ ಅಳೆಯಲಿ. ಹಕ್ಕಿ ಇಲ್ಲದ, ಆಗಲೇ ಬಗೆದ ಜಾಗ ಬೇಕಾದಷ್ಟಿದೆ. ಮೊದಲು ಅಲ್ಲಿಯದನ್ನ ಪೂರ್ತಿ ಬಳಸಿ. ಪಿಕಳಾರ ಇರೋ ಗುಡ್ಡಕ್ಕೆ ಹೊಸ ಲೀಸ್ ಬೇಡ.

ಎರಡು, ಪಂಚಾಯ್ತಿಯ ಕೈಲಿರೋ ಅಧಿಕಾರ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಲ್ಲಿ ಯಾವ ಗಿಡ, ಯಾವ ಪ್ರಾಣಿ, ಯಾವ ಹಕ್ಕಿ ಇದೆ ಅಂತ ದಾಖಲೆ ಪುಸ್ತಕ ಬರೀಬೇಕು. ನಿಮ್ಮೂರಲ್ಲಿ ಆ ಪುಸ್ತಕ ಇದೆಯಾ ಅಂತ ನಾಳೆ ಬೆಳಗ್ಗೆ ಹೋಗಿ ಕೇಳಿ. ಇದ್ರೆ ಅದರಲ್ಲಿ ಗುಡ್ಡದ ಪುಟ ಇದೆಯಾ ನೋಡಿ. ಇಲ್ಲದಿದ್ರೆ ಬರೆಸಿ. ಅದೇ ಕಾಯ್ದೆಯಲ್ಲಿ ಪಾರಂಪರಿಕ ತಾಣ ಅಂತ ಘೋಷಿಸೋಕೆ ಅವಕಾಶ ಇದೆ. ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ಹುಣಸೆ ತೋಪಿಗೆ ಆಗೋದಾದ್ರೆ ನಮ್ಮ ಬಂಡೆಗುಡ್ಡಕ್ಕೆ ಯಾಕಾಗಬಾರದು?

ಮೂರು, ಇದು ಇಂಜಿನಿಯರ್‌ಗಳಿಗೆ, ನನ್ನ ಜೊತೆ ಓದಿದೋರಿಗೆ. ಹಳೇ ಕಟ್ಟಡ ಕೆಡವಿದಾಗ ಬರೋ ಕಾಂಕ್ರೀಟನ್ನ ಕೆರೆ ಅಂಗಳಕ್ಕೆ ಸುರೀತೀವಿ. ಅದನ್ನ ಮತ್ತೆ ಪುಡಿ ಮಾಡಿ ಬಳಸಬೇಕು ಅಂತ 2016ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಗ್ರಾನೈಟ್ ಕ್ವಾರಿಯಲ್ಲಿ ಒಳ್ಳೇ ಬ್ಲಾಕ್ ತೆಗೆದ ಮೇಲೆ ಉಳಿಯೋ ಕಲ್ಲಿನ ರಾಶಿ ಗುಡ್ಡದಷ್ಟಿರುತ್ತೆ. ಆ ರಾಶಿ ಖಡಿ ಆಗಲಿ. ಅದನ್ನ ಪುಡಿ ಮಾಡೋಕೂ ಕೈ ಬೇಕು, ನನ್ನ ಆ ಗೆಳೆಯನಿಗೆ ಅಲ್ಲಿ ಕೆಲಸ ಇದೆ. ನಿಂತಿರೋ ಗುಡ್ಡ ನಿಂತಿರಲಿ.

ಇದು ಆಗದ ಮಾತಲ್ಲ. ಹೊಳೆಯ ಆಚೆ ದರೋಜಿಯಲ್ಲಿ 1994ರಲ್ಲಿ ಕರಡಿಗಾಗಿ ಧಾಮ ಮಾಡಿದ್ರು. ಕರಡಿಗೆ ಅಂತ ಉಳಿಸಿದ ಕಲ್ಲುಗುಡ್ಡದಲ್ಲಿ ಪಿಕಳಾರಾನೂ ಉಳೀತು. ಇವತ್ತು ದೇಶದ ಎಲ್ಲೆಲ್ಲಿಂದಲೋ ಜನ ಕ್ಯಾಮೆರಾ ಹಿಡಿದು ಬರ್ತಾರೆ. ನಮ್ಮ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ಜಾಗ ಮೀಸಲಾಗಿದೆ. ತೋಳ ಅಂದ್ರೆ ಕುರಿ ಹೊತ್ತೊಯ್ಯೋ ಪ್ರಾಣಿ. ಅದಕ್ಕೂ ಜಾಗ ಬಿಡೋಷ್ಟು ದೊಡ್ಡ ಮನಸ್ಸು ಈ ನೆಲಕ್ಕಿದೆ. ಯಾರ ಕಾಳನ್ನೂ ಮುಟ್ಟದ ಹಕ್ಕಿಗೆ ಇಲ್ವಾ?

ಕೊನೆಗೆ ನನ್ನದೊಂದು ತಪ್ಪು ಒಪ್ಪಿಕೊಳ್ತೀನಿ. ಅವತ್ತು ಗಂಗಾವತಿಯಲ್ಲಿ ಚಿತ್ರೀಕರಿಸಿದ ಸ್ಟೋರಿ ಪ್ರಸಾರ ಆಗಲಿಲ್ಲ. ನಾನೇ ತೆಗೆದೆ. ಆ ಸಂಜೆ ಒಬ್ಬ ನಾಯಕರು ಇನ್ನೊಬ್ಬರಿಗೆ ಏನೋ ಅಂದಿದ್ರು, ಅದು ಓಡ್ತಿತ್ತು. ಹಕ್ಕಿ ನಾಳೆಯೂ ಇರುತ್ತೆ ಅಂದ್ಕೊಂಡೆ. ನಾನೂ ಆ ಸ್ಟೋರಿಯನ್ನ ಖರಾಬು ಅಂತ ಬರೆದು ಬದಿಗಿಟ್ಟೆ. ಪಹಣಿ ಬರೆದವರಿಗೂ ನನಗೂ ಏನು ವ್ಯತ್ಯಾಸ?

ಹಾಗಾಗಿ ಮೊನ್ನೆ ಮತ್ತೆ ಆ ಊರಿಗೆ ಹೋದೆ. ಗುಡ್ಡ ಇನ್ನೂ ಇದೆ. ಕಾಕಾ ಕೇಳಿದ್ರು, ‘ಮತ್ಯಾಕ ಬಂದಿ ತಮ್ಮಾ?’ ಹಕ್ಕಿಯ ಫೋಟೋ ಮೊಬೈಲಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ್ರು. ‘ಇದು ನಮ್ಮ ಗುಡ್ಡದಾಗ ಐತೇನು?’ ಅಂದ್ರು. ಹೌದು ಅಂದೆ. ‘ಜಗತ್ತಿನಾಗ ಬ್ಯಾರೆ ಕಡೆ ಇಲ್ಲೇನು?’ ನಮ್ಮ ದಕ್ಷಿಣದ ಕಲ್ಲುಗುಡ್ಡ ಬಿಟ್ರೆ ಎಲ್ಲೂ ಇಲ್ಲ ಅಂದೆ. ಅವರು ಫೋನ್ ವಾಪಸ್ ಕೊಡಲಿಲ್ಲ. ಮೊಮ್ಮಗಳನ್ನ ಕೂಗಿದ್ರು. ‘ಬಾ ಇಲ್ಲಿ, ನಮ್ಮ ಗುಡ್ಡದ ಹಕ್ಕಿ ನೋಡು.’

ಖರಾಬು ಅಂದಿದ್ದ ಬಾಯಲ್ಲೇ ‘ನಮ್ಮ ಗುಡ್ಡ’ ಅಂತ ಬಂತು. ಪಹಣಿ ತಿದ್ದೋದು ನನ್ನ ಕೈಲಿಲ್ಲ. ಆ ಮಾತು ತಿದ್ದೋದು ನಮ್ಮೆಲ್ಲರ ಕೈಲಿದೆ.